ಒಳಗಿನ ಚೀಲದ ಅಗಲ

ಆಸ್ಪತ್ರೆಯ ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ದೊಡ್ಡ ಯಂತ್ರಗಳ ಪಕ್ಕಕ್ಕೆ, ಹೊಲಿಗೆಯ ಕೋಣೆ. ಹದಿನಾಲ್ಕು ಅಡಿ ಉದ್ದ, ಹತ್ತು ಅಡಿ ಅಗಲ. ಸೂರಿಗೆ ತಗುಲಿದಂತೆ ಒಂದೇ ಕಿಟಕಿ. ಅದರಿಂದ ಕಾಣುವುದು ಹೊರಗೆ ಓಡಾಡುವವರ ಮೊಣಕಾಲಿನ ಕೆಳಗಿನ ಭಾಗ ಮಾತ್ರ. ಹತ್ತೊಂಬತ್ತು ವರ್ಷ ಆ ಕಾಲುಗಳನ್ನು ನೋಡುತ್ತ ಕೂತವಳಿಗೆ ನಡಿಗೆಯ ಮೇಲೆಯೇ ತಿಳಿಯುತ್ತಿತ್ತು, ಮೇಲಿನ ಮಹಡಿಯಲ್ಲಿ ಯಾರಿಗೆ ಯಾವ ಸುದ್ದಿ ಸಿಕ್ಕಿದೆ ಎಂದು. "ಇವನು ಅಪ್ಪ ಆಗಿದ್ದಾನೆ ನೋಡು, ಚಪ್ಪಲಿ ಅದಲುಬದಲು ಹಾಕ್ಕೊಂಡಿದ್ದಾನೆ," ಅನ್ನುತ್ತಿದ್ದಳು. ಕೆಲವು ಕಾಲುಗಳ ಬಗ್ಗೆ ಏನೂ ಅನ್ನದೆ ಹೊಲಿಗೆ ಯಂತ್ರವನ್ನು ಜೋರಾಗಿ ತುಳಿಯುತ್ತಿದ್ದಳು.

ಅವಳನ್ನು ಎಲ್ಲರೂ ಕರೆಯುವುದು ಟೇಪಕ್ಕ ಎಂದು. ಡಾಕ್ಟರುಗಳ ಕೊರಳಲ್ಲಿ ಸ್ಟೆತಾಸ್ಕೋಪು ಇದ್ದ ಹಾಗೆ ಅವಳ ಕೊರಳಲ್ಲಿ ಅಳತೆಯ ಟೇಪು. ಒಮ್ಮೆ ಮೆಟ್ಟಿಲ ಬಳಿ ಕಣ್ಣು ಮಂಜಾದ ಮುದುಕರೊಬ್ಬರು ಅವಳನ್ನು ತಡೆದು, "ನಮ್ಮ ಮನೆಯವಳು ಹೇಗಿದ್ದಾಳೆ ತಾಯಿ?" ಎಂದು ಕೇಳಿದ್ದರಂತೆ. "ಉದ್ದ ಅಗಲ ಬೇಕಾದ್ರೆ ಹೇಳ್ತೀನಿ ಯಜಮಾನ್ರೇ, ಮಿಕ್ಕಿದ್ದು ಮೇಲಿನವರನ್ನೇ ಕೇಳಬೇಕು," ಎಂದಿದ್ದಳು. ಈ ಕಥೆಯನ್ನು ಅವಳೇ ಹೇಳಿಕೊಂಡು ನಗುತ್ತಿದ್ದಳು.

ಹೊಲಿಗೆ ಕಲಿತದ್ದು ಸೋದರಮಾವನ ಅಂಗಡಿಯಲ್ಲಿ. ಅಲ್ಲಿ ಆರು ವರ್ಷ ಹೊಲಿದದ್ದು ಬರೀ ಅಂಗಿಗಳ ಕಾಲರು ಮತ್ತು ಕಫ್ಫು. ಮಾವ ಹೇಳಿಕೊಟ್ಟ ಸೂತ್ರ ಒಂದೇ: ಸುತ್ತಳತೆ ಸರಿಯಾಗಿ ಹಿಡಿ, ಬಾಕಿಯದು ತಾನಾಗಿ ಕೂರುತ್ತೆ. ಕುತ್ತಿಗೆಯ ಸುತ್ತು, ಮಣಿಕಟ್ಟಿನ ಸುತ್ತು, ಅದರ ಮೇಲೆ ಒಂದು ಬೆರಳಿನ ಸಡಿಲ. ಆ ಸೂತ್ರ ಅವಳಿಗೆ ಇಪ್ಪತ್ತೈದು ವರ್ಷ ಮೋಸ ಮಾಡಿರಲಿಲ್ಲ. ಆಸ್ಪತ್ರೆ ಸೇರಿದ ಮೇಲೂ ಅಷ್ಟೆ. ಹರಿದ ಹಾಸಿಗೆ ಬಟ್ಟೆ ಅರ್ಧ ಮಾಡಿ ತೊಟ್ಟಿಲಿಗೆ, ತೊಟ್ಟಿಲ ಬಟ್ಟೆ ಹರಿದರೆ ಕೂಸುಗಳ ಟೋಪಿಗೆ, ಟೋಪಿಗೂ ಬಾರದ ಚೂರು ಒರೆಸುವುದಕ್ಕೆ. ಅವಳ ಕೈಯಲ್ಲಿ ಯಾವ ಬಟ್ಟೆಯೂ ಒಂದೇ ಸಲಕ್ಕೆ ಸಾಯುತ್ತಿರಲಿಲ್ಲ.

ನಾಲ್ಕು ತಿಂಗಳ ಹಿಂದೆ ಹಸುಗೂಸುಗಳ ವಾರ್ಡಿನ ದೊಡ್ಡ ಸಿಸ್ಟರ್ ಒಂದು ಸ್ಟೀಲ್ ಟ್ರೇ ಹಿಡಿದು ತಾವೇ ಇಳಿದು ಬಂದರು. ಅವರು ಕೆಳಗೆ ಬರುವವರಲ್ಲ. ಟ್ರೇ ತುಂಬ ಎರಡು ಮೂರು ಬೆರಳಗಲದ ಬಟ್ಟೆಯ ಪಟ್ಟಿಗಳು, ಪ್ರತಿಯೊಂದಕ್ಕೂ ಇಲಿಯ ಬಾಲದಂಥ ಒಂದು ರಬ್ಬರ್ ನಳಿಕೆ.

"ಇದೇನು, ಗೊಂಬೆ ಅಂಗಿಯ ಕಫ್ ಇದ್ದ ಹಾಗಿದೆಯಲ್ಲ!" ಎಂದಳು ಟೇಪಕ್ಕ.

"ಮಕ್ಕಳ ಬಿಪಿ ಪಟ್ಟಿ ಇವು. ತೋಳಿಗೆ ಸುತ್ತಿ ಮಷಿನ್ನಿಗೆ ಸಿಕ್ಕಿಸೋದು. ವೆಲ್ಕ್ರೋ ಹೋಗಿಬಿಟ್ಟಿದೆ. ಗಾಳಿ ತುಂಬಿದ ಕೂಡಲೇ ಚರ್ ಅಂತ ಬಿಚ್ಕೊಳ್ಳುತ್ತೆ. ಮಗೂನೂ ಬೆಚ್ಚಿಬೀಳುತ್ತೆ, ನಾವೂ ಬೆಚ್ಚಿಬೀಳ್ತೀವಿ."

"ಹುಟ್ಟಿದ ಕೂಸಿಗೂ ಬಿಪಿಯಾ? ಅವಕ್ಕೇನು ಚಿಂತೆ ಸಿಸ್ಟರ್, ಮಗಳ ಮದುವೆನಾ?"

ದೊಡ್ಡ ಸಿಸ್ಟರ್ ನಕ್ಕರು. "ಬರುತ್ತೆ ಟೇಪಕ್ಕ, ಅಪರೂಪಕ್ಕೆ ಬರುತ್ತೆ. ಆಫೀಸಿನವರನ್ನ ಹೊಸ ಪಟ್ಟಿ ಕೇಳಿ ಎರಡು ತಿಂಗಳಾಯ್ತು. ಹಸಿವಾದಾಗ ಬೀಜ ಬಿತ್ತೋ ಜನ ಇವರು. ನಿಮ್ಮ ಕೈಯಲ್ಲಿ ಏನಾದ್ರೂ ಆಗುತ್ತಾ ನೋಡಿ."

"ಸೈಜ್ ಎಲ್ಲಿ ಬರೆದಿದೆ?"

"ಒಂದು, ಎರಡು, ಮೂರು, ನಾಲ್ಕು ಅಂತ ನಂಬರ್ ಇತ್ತು. ಔಷಧಿ ನೀರಲ್ಲಿ ನೆನೆದು ನೆನೆದು ಅಳಿಸಿಹೋಗಿದೆ. ನೀವೇ ಏನಾದ್ರೂ ಗುರುತು ಹಾಕಿಕೊಡಿ, ನಮ್ಮ ಹುಡುಗಿಯರಿಗೆ ಗೊತ್ತಾಗೋ ಹಾಗೆ."

ಆ ಮಾತನ್ನು ಆಡಿದವರಿಗೂ ಕೇಳಿದವರಿಗೂ ಅದರಲ್ಲಿ ಅಪಾಯವೇನೂ ಕಾಣಲಿಲ್ಲ.

ಟೇಪಕ್ಕ ಪಟ್ಟಿಗಳನ್ನು ಮೇಜಿನ ಮೇಲೆ ಹರಡಿದಳು. ವೆಲ್ಕ್ರೋ ಇದ್ದ ತುದಿಯೆಲ್ಲ ನಾರುನಾರಾಗಿತ್ತು. ಅಲ್ಲಿ ಸೂಜಿ ಹಾಕಿದರೆ ನಿಲ್ಲುವುದಿಲ್ಲ. ಆದ್ದರಿಂದ ನಾರಾದ ಭಾಗವನ್ನು ಕತ್ತರಿಸಿ ತೆಗೆದಳು, ಗಟ್ಟಿ ಬಟ್ಟೆ ಸಿಕ್ಕುವಲ್ಲಿ ಹೊಸ ವೆಲ್ಕ್ರೋ ಕೂರಿಸಿದಳು. ಗಾಳಿ ತುಂಬುವ ಒಳಚೀಲದ ಹತ್ತಿರಕ್ಕೂ ಸೂಜಿ ಹೋಗದಂತೆ ಎಚ್ಚರ ವಹಿಸಿದಳು. ಆಮೇಲೆ ಒಂದೊಂದನ್ನೇ ಬಳೆಯಂತೆ ಮುಚ್ಚಿ, ಸುತ್ತಳತೆ ಹಿಡಿದು, ಕಂಪನಿಯ ಹಳೆಯ ಪೆಟ್ಟಿಗೆಯ ಮೇಲೆ ಅಚ್ಚಾಗಿದ್ದ ಅಳತೆಗೆ ತಕ್ಕಂತೆ ಅಂಚಿನಲ್ಲಿ ಬಣ್ಣದ ದಾರ ಎಳೆದಳು. ಒಂದನೆಯ ನಂಬರಿಗೆ ಬಿಳಿ, ಎರಡಕ್ಕೆ ಹಳದಿ, ಮೂರಕ್ಕೆ ಹಸಿರು, ನಾಲ್ಕಕ್ಕೆಂದು ತೆಗೆದಿಟ್ಟ ಕೆಂಪು ಹಾಗೇ ಉಳಿಯಿತು. ಹದಿನೈದು ದಿನಕ್ಕೆ ಮೂವತ್ತೊಂಬತ್ತು ಪಟ್ಟಿ ತಯಾರು. ಮೇಲಿನ ವಾರ್ಡಿನ ಗೋಡೆಗೆ ಒಂದು ಕಾಗದ ಅಂಟಿಸಿದರು: ಇಷ್ಟು ತೂಕದ ಮಗುವಿಗೆ ಈ ಬಣ್ಣ. ಹುಡುಗಿಯರಿಗೆ ಕೆಲಸ ಸಲೀಸಾಯಿತು. ಪಟ್ಟಿಗಳು ಗಟ್ಟಿಯಾಗಿ ಅಂಟಿಕೊಂಡು ನಿಂತವು. ಆಸ್ಪತ್ರೆಯ ದೊಡ್ಡವರು ಟೇಪಕ್ಕನ ಫೋಟೋ ತೆಗೆಸಿ ಮುಂಬಾಗಿಲ ಫಲಕಕ್ಕೆ ಹಾಕಿದರು. ಫೋಟೋದಲ್ಲಿ ಅವಳು ಎರಡೂ ಕೈಯಲ್ಲಿ ಪಟ್ಟಿ ಹಿಡಿದಿದ್ದಳು, ಬಲೆಗೆ ಬಿದ್ದ ಮೀನು ತೋರಿಸುವವಳ ಹಾಗೆ.

ಐದನೆಯ ತೊಟ್ಟಿಲಿನ ಕೂಸಿನ ತಾಯಿ ಮೊದಲು ಕೆಳಗೆ ಬಂದದ್ದು ಟೋಪಿಗಾಗಿ. ಮಗ ಆರು ವಾರ ಮೊದಲೇ ಹುಟ್ಟಿದ್ದ. ಮೊದಲ ಎಂಟು ದಿನ ಹೊಕ್ಕುಳಿನ ಮೂಲಕ ಸಣ್ಣ ನಳಿಕೆ ಹಾಕಿದ್ದರು. ಅದರಿಂದಲೇ ಔಷಧಿ, ಅದರಿಂದಲೇ ರಕ್ತದ ಪರೀಕ್ಷೆ. ಅದನ್ನು ತೆಗೆದ ಮೇಲೆ ಕೂಸು ಚೇತರಿಸಿಕೊಂಡಿತ್ತು. ತಾಯಿ ಒಂದು ದಾರ ಹಿಡಿದು ಬಂದಿದ್ದಳು, ಮಗನ ತಲೆಯ ಸುತ್ತಿಗೆ ಹಿಡಿದು ಗಂಟು ಹಾಕಿದ್ದು.

"ವಾರ್ಡಿನ ಟೋಪಿ ಕಣ್ಣಿನ ಮೇಲೆ ಜಾರುತ್ತೆ ಅಕ್ಕಾ. ಅವನಿಗೆ ಲೋಕವೇ ಕಾಣಲ್ಲ."

"ಕಾಣದಿದ್ರೆ ಒಳ್ಳೇದೇ ಬಿಡು, ನೋಡೋಕೆ ಅಂಥದ್ದೇನಿದೆ," ಎಂದು ಟೇಪಕ್ಕ ದಾರವನ್ನು ಟೇಪಿನ ಮೇಲೆ ಇಟ್ಟು ಅಳೆದು, ತನ್ನ ಡಬ್ಬಿಯಲ್ಲಿ ಹಾಕಿಕೊಂಡಳು. ಸಂಜೆಗೆ ಟೋಪಿ ಹೊಲಿದುಕೊಟ್ಟಳು.

ಆ ಹುಡುಗಿಗೆ ಇಪ್ಪತ್ತೆರಡು ಇಪ್ಪತ್ಮೂರು ವಯಸ್ಸು. ಗಂಡ ದೂರದ ಊರಿನ ಕಾರ್ಖಾನೆಯಲ್ಲಿ. ಭಾನುವಾರ ಬಂದು ಹೋಗುವವನು. ಮಾತಿಗೆ ಜನ ಬೇಕಾಗಿತ್ತು. ಹಾಲು ಹಿಂಡಿ ಕೊಟ್ಟು, ಮುಂದಿನ ಸರದಿಯವರೆಗೆ ಕೆಳಗೆ ಬಂದು ಕೂರುವುದು ರೂಢಿಯಾಯಿತು. ಟೇಪಕ್ಕ ಅವಳಿಗೆ ಗುಂಡಿ ಹಚ್ಚುವ ಕೆಲಸ ಕೊಡುತ್ತಿದ್ದಳು. "ಕೂತು ಅಳೋದಕ್ಕಿಂತ ಕೂತು ಹೊಲಿಯೋದು ಮೇಲು."

ಹನ್ನೆರಡನೆಯ ದಿನದಿಂದ ಅವಳ ಮಾತು ಬದಲಾಯಿತು. ಮಗ ಎರಡು ಸಲ ಚೀಪಿ ಬಿಡುತ್ತಾನೆ. ಹಾಲು ಕುಡಿಯುವಾಗ ಹಣೆಯ ಮೇಲೆ ಬೆವರು. ಹುಬ್ಬು ಗಂಟಿಕ್ಕಿಕೊಂಡು ಮಲಗುತ್ತಾನೆ, ಯಾರ ಮೇಲೋ ಸಿಟ್ಟಿರುವ ಮುದುಕನ ಹಾಗೆ. ಉಸಿರು ಓಡುತ್ತಿದೆ. ಡಾಕ್ಟರು ಸೋಂಕಿರಬಹುದು ಎಂದು ರಕ್ತ ತೆಗೆದರು, ಔಷಧಿ ಬದಲಿಸಿದರು. ಹಾಲು ಒಗ್ಗುತ್ತಿಲ್ಲವೇನೋ ಎಂದು ಹಾಲು ಬದಲಿಸಿದರು. ಎದೆಯ ಫೋಟೋ ತೆಗೆದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬಂತೆ ಒಂದಾದ ಮೇಲೊಂದು ನಡೆಯಿತು. ಆದರೆ ಅವರನ್ನು ದೂರಿ ಫಲವಿಲ್ಲ. ಕಡತದಲ್ಲಿ ಬಿಪಿ ಎಂದು ಬರೆದ ಸಾಲಿನಲ್ಲಿ ದಿನವೂ ಎಂಬತ್ತೇಳು, ಎಂಬತ್ತೆಂಟು, ಎಂಬತ್ತೊಂಬತ್ತು. ಆ ವಯಸ್ಸಿನ ಕೂಸಿಗೆ ಕೊಂಚ ಮೇಲಿನದು, ಆದರೂ ಗೆರೆಯೊಳಗಿನದು. ಆ ಸಾಲನ್ನು ಯಾರೂ ಎರಡನೆಯ ಸಲ ನೋಡಲಿಲ್ಲ.

ಇಪ್ಪತ್ತೆರಡನೆಯ ದಿನ ಬುಧವಾರ. ತಾಯಿ ಇನ್ನೊಂದು ದಾರ ತಂದಳು. "ಟೋಪಿ ಹಳೇದಾಯ್ತು ಅಕ್ಕಾ, ಇನ್ನೊಂದು ಮಾಡಿಕೊಡಿ. ಈಗ ಸ್ವಲ್ಪ ದೊಡ್ಡದಾಗಿರಬೇಕು ತಲೆ."

ಟೇಪಕ್ಕ ಡಬ್ಬಿಯಿಂದ ಹಳೆಯ ದಾರ ತೆಗೆದು ಹೊಸದರ ಪಕ್ಕ ಹಿಡಿದಳು. ಗಂಟಿಗೆ ಗಂಟು ಸರಿಸಮ. ಹದಿಮೂರು ದಿನ, ಒಂದು ನೂಲಿನಷ್ಟೂ, ಇಂಚಿನ ಎಂಟನೇ ಒಂದು ಪಾಲಿನಷ್ಟೂ, ವ್ಯತ್ಯಾಸವಿಲ್ಲ. ಈ ವಾರ್ಡಿನ ಕೂಸುಗಳ ಟೋಪಿ ವಾರಕ್ಕೆ ಮೂರು ನೂಲು ಬಿಗಿಯಾಗುತ್ತದೆಂದು ಅವಳಿಗೆ ಅನುಭವದಿಂದ ಗೊತ್ತಿತ್ತು. ಅವಳು ಎರಡೂ ದಾರವನ್ನು ಒಟ್ಟಿಗೆ ಸುತ್ತಿ ಡಬ್ಬಿಗೆ ಹಾಕಿದಳು. "ನಾಳೆ ಕೊಡ್ತೀನಿ," ಎಂದಳು ಅಷ್ಟೆ.

"ಇವತ್ತು ಒಂದು ಹೊಸ ಆಟ ಕಲಿತಿದ್ದಾನೆ," ಎಂದಳು ತಾಯಿ. "ನಿದ್ದೆಯಲ್ಲಿ ಎಡಗೈ ಮಾತ್ರ ಹೀಗೆ ಹೀಗೆ ಎಳೀತಾನೆ. ಎಣಿಸಿದೆ, ಇಪ್ಪತ್ತು ಸಲ. ಆಮೇಲೆ ಸುಮ್ಮನಾಗ್ತಾನೆ."

"ಸೂಜಿ ಎಳೀತಿದ್ದಾನೆ ಬಿಡು. ನನ್ನ ಜಾಗಕ್ಕೆ ಬರೋನು ಅವನೇ."

ಇಬ್ಬರೂ ನಕ್ಕರು. ನಗುವಿನ ಅರ್ಧದಲ್ಲಿ ತಾಯಿಯ ಬಾಯಿ ಹಾಗೆಯೇ ನಿಂತಿತು. ಮತ್ತೆ ಗುಂಡಿ ಹಚ್ಚತೊಡಗಿದಳು.

ಮರುದಿನ ಗುರುವಾರ ಟೇಪಕ್ಕ ಬೆಳಿಗ್ಗೆ ಕೆಲಸಕ್ಕೆ ಬರುವಾಗ ಗಂಡನನ್ನೂ ಕರೆದುಕೊಂಡು ಬಂದಿದ್ದಳು. ಆತ ಮೂವತ್ತು ವರ್ಷ ಲಾರಿ ಓಡಿಸಿ ಮನೆ ಹಿಡಿದವನು. ತೋಳು ಎಂದರೆ ಬೇರೆಯವರ ತೊಡೆ. ಆರು ತಿಂಗಳಿಂದ ಬಿಪಿ ಮಾತ್ರೆ ನುಂಗುತ್ತಿದ್ದ, ಅದೂ ಅವಳು ಎದುರಿಗೆ ನಿಂತರೆ. ಓಪಿಡಿಯ ಬೆಂಚಿನ ಮೇಲೆ ಸರದಿ ಬಂತು. ಚಿಕ್ಕ ವಯಸ್ಸಿನ ನರ್ಸ್ ಪಟ್ಟಿ ಸುತ್ತಿ ಯಂತ್ರ ಒತ್ತಿದಳು.

"ನೂರ ಎಪ್ಪತ್ತೆರಡು! ಅಂಕಲ್, ಮಾತ್ರೆ ತಗೊಳ್ತಿದ್ದೀರಾ ಇಲ್ವಾ?"

"ಇವಳು ಪಕ್ಕದಲ್ಲಿ ನಿಂತಿದ್ದಾಳಲ್ಲಮ್ಮಾ, ಇಳಿಯೋದು ಹೇಗೆ?"

"ಸುಮ್ಮನಿರ್ರೀ," ಎಂದಳು ಟೇಪಕ್ಕ.

ನರ್ಸ್ ಅವನ ತೋಳನ್ನು ಇನ್ನೊಮ್ಮೆ ನೋಡಿದಳು. "ಅಯ್ಯೋ, ಈ ಪಟ್ಟಿ ನಿಮಗೆ ಸಾಲಲ್ಲ. ತಡೀರಿ." ಡ್ರಾಯರಿನಿಂದ ಇನ್ನೂ ಅಗಲದ್ದೊಂದು ತೆಗೆದು ಸುತ್ತಿದಳು. ಯಂತ್ರ ಮತ್ತೆ ಗುಂಯ್ ಎಂದಿತು. ನೂರ ಐವತ್ತು.

"ನೋಡಿದ್ಯೇನೇ! ಒಂದು ನಿಮಿಷಕ್ಕೆ ಇಪ್ಪತ್ತೆರಡು ಇಳೀತು. ಸಿಸ್ಟರ್, ಮಾತ್ರೆ ಬೇಡ, ಇದೇ ಪಟ್ಟಿ ದಿನಕ್ಕೆ ಎರಡು ಸಲ ಅಂತ ಬರೆದುಕೊಡಿ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಟೇಪಕ್ಕ ಮಾತ್ರ ಪಟ್ಟಿಯನ್ನೇ ನೋಡುತ್ತಿದ್ದಳು. "ಯಾಕೆ ಇಳೀತು ಸಿಸ್ಟರ್?"

"ಒಳಗಿನ ಗಾಳಿ ಚೀಲ ಇರುತ್ತಲ್ಲ ಅಮ್ಮಾ, ಅದರ ಅಗಲ ತೋಳಿಗೆ ತಕ್ಕ ಹಾಗಿರಬೇಕು. ಚೀಲ ಕಿರಿದಾದ್ರೆ ಇಲ್ಲದ ಬಿಪಿ ತೋರಿಸುತ್ತೆ. ಅಗಲ ಜಾಸ್ತಿಯಾದ್ರೆ ಇರೋ ಬಿಪಿನೂ ಮುಚ್ಚಿಹಾಕುತ್ತೆ."

"ಉದ್ದ? ಸುತ್ತಳತೆ?"

"ಹೊರಗಿನ ಬಟ್ಟೆ ಸುತ್ತಿ ಅಂಟಿಸೋಕೆ ಅಷ್ಟೆ. ಅದು ಎಷ್ಟಿದ್ರೇನು? ಅಳೆಯೋದು ಒಳಗಿನ ಚೀಲ."

ಟೇಪಕ್ಕ ಗಂಡನ ಕೈಗೆ ಮಾತ್ರೆಯ ಚೀಟಿ ಕೊಟ್ಟಳು. "ನೀವು ಬಸ್ ಹತ್ತಿ ಮನೆಗೆ ಹೋಗಿ."

"ಯಾಕೇ, ಮುಖ ಸುಣ್ಣ ಆಗಿದೆ? ನಿನ್ನ ಬಿಪಿನೂ ನೋಡಿಸೋಣ್ವಾ?"

ಅವಳು ಆಗಲೇ ಮೆಟ್ಟಿಲು ಇಳಿಯುತ್ತಿದ್ದಳು.

ಅಂದು ಬೆಳಿಗ್ಗೆಯಷ್ಟೇ ವಾರ್ಡಿನಿಂದ ಮತ್ತೆ ಅಂಟು ಬಿಟ್ಟ ಮೂರು ಹಳದಿ ದಾರದ ಪಟ್ಟಿಗಳು ರಿಪೇರಿಗೆ ಬಂದಿದ್ದವು. ಜೊತೆಗೆ, ನಳಿಕೆ ಸೀಳಿ ಕೆಲಸಕ್ಕೆ ಬಾರದೆ, ಕತ್ತರಿ ಕಾಣದೆ ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಪಟ್ಟಿ ಇತ್ತು. ಅದರ ಮೇಲೆ ಎರಡು ಎಂಬ ಅಂಕಿ ಇನ್ನೂ ಮಸುಕಾಗಿ ಉಳಿದಿತ್ತು. ಟೇಪಕ್ಕ ಸಣ್ಣ ಕತ್ತರಿಯಿಂದ ಅದರ ಹೊಲಿಗೆ ಬಿಚ್ಚಿದಳು. ಬಟ್ಟೆಯ ಎರಡು ಪದರದ ನಡುವೆ ಬೂದುಬಣ್ಣದ ತೆಳು ಚೀಲ. ಟೇಪು ಹಿಡಿದಳು. ಅಗಲ ಒಂದು ಇಂಚು.

ಹಳದಿ ದಾರದ್ದನ್ನು ಬಿಚ್ಚಿದಳು. ಹೊರಗಿನಿಂದ ಎರಡರ ಸುತ್ತಳತೆಯೂ ತದ್ವತ್ ಒಂದೇ. ಒಳಗಿನ ಚೀಲದ ಅಗಲ ಒಂದು ಇಂಚು ಮೂರು ನೂಲು.

ಎಂಟು ನೂಲು ಸೇರಿದರೆ ಒಂದು ಇಂಚು. ಮೂರು ನೂಲು ಎಂದರೆ ಅಂಗಿಯಲ್ಲಿ ಯಾರ ಕಣ್ಣಿಗೂ ಬೀಳದ ತಪ್ಪು. ಉಳಿದೆರಡು ಹಳದಿಯನ್ನೂ ಬಿಚ್ಚಿದಳು. ಅವೂ ಹಾಗೆಯೇ. ಈಗ ಎಲ್ಲವೂ ಎದುರಿಗೆ ಬಿಡಿಸಿಟ್ಟಂತಾಯಿತು. ಮೂರನೆಯ ನಂಬರಿನ ಪಟ್ಟಿಯ ತುದಿ ಕತ್ತರಿಸಿದಾಗ ಅದರ ಸುತ್ತು ಎರಡರಷ್ಟಾಗಿತ್ತು. ಅವಳು ಸುತ್ತು ಹಿಡಿದು ಅದಕ್ಕೆ ಹಳದಿ ದಾರ ಎಳೆದಿದ್ದಳು. ನಾಲ್ಕು ಮೂರಾಗಿತ್ತು, ಎರಡು ಒಂದಾಗಿತ್ತು. ಬಟ್ಟೆ ಕುಗ್ಗಿತ್ತು, ಚೀಲ ಕುಗ್ಗಿರಲಿಲ್ಲ. ನಾಲ್ಕು ತಿಂಗಳಿಂದ ವಾರ್ಡಿನ ಪ್ರತಿ ಕೂಸಿನ ತೋಳಿಗೂ ಒಂದು ಸೈಜ್ ದೊಡ್ಡ ಚೀಲ. ದೊಡ್ಡ ಚೀಲ ಇದ್ದುದನ್ನು ಮುಚ್ಚಿಹಾಕುತ್ತದೆ. ಹಾಲು ಬಿಟ್ಟ ಬಾಯಿ, ಹಣೆಯ ಬೆವರು, ಬೆಳೆಯದ ತಲೆ, ತಾನಾಗಿ ಎಳೆಯುವ ಎಡಗೈ ಒಂದೊಂದಾಗಿ ಕಣ್ಣ ಮುಂದೆ ಬಂದವು. ಅವಳು ಡಾಕ್ಟರಲ್ಲ. ಆದರೂ ನಾಲ್ಕೂ ಚೀಲಗಳನ್ನು ಇನ್ನೊಮ್ಮೆ ಅಳೆದಳು.

ಬಾಗಿಲಲ್ಲಿ ಇಸ್ತ್ರಿಯಣ್ಣ ನಿಂತಿದ್ದ, ಪಕ್ಕದ ಕೋಣೆಯಲ್ಲಿ ಇಸ್ತ್ರಿ ಮಾಡುವವನು. ಬಿಚ್ಚಿದ ಪಟ್ಟಿಗಳನ್ನು ನೋಡಿ, "ಏನಕ್ಕಾ, ಮಾಡಿದ್ದನ್ನ ನೀವೇ ಹಾಳು ಮಾಡ್ತಿದ್ದೀರಾ?" ಎಂದ.

ಅವಳು ಹೇಳಿದಳು. ಅವನು ಬಾಗಿಲು ಮುಂದೆ ಮಾಡಿ, ದನಿ ತಗ್ಗಿಸಿದ. "ಯಾರಿಗೆ ಗೊತ್ತಾಗುತ್ತೆ? ಶನಿವಾರ ಹೇಗೂ ಎಲ್ಲ ಪಟ್ಟಿ ತೊಳೆಯೋಕೆ ಕೆಳಗೆ ಬರುತ್ತೆ. ಹಳದಿ ತೆಗೆದು ಹಸಿರು ಎಳೆದು ಕಳಿಸಿಬಿಡಿ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ."

"ಹಾವು ಸಾಯಲ್ಲ ಅಂತೀಯಲ್ಲ, ಅದೇ ಭಯ," ಎಂದಳು ಟೇಪಕ್ಕ. "ಇವತ್ತು ಗುರುವಾರ."

"ಇಷ್ಟು ದಿನ ಆಗಿದೆ, ಎರಡು ದಿನಕ್ಕೇನು? ಅಕ್ಕಾ, ಫೋಟೋ ಹಾಕಿದವರೇ ಬಂದು ಅದನ್ನ ಕಿತ್ತು ಹಾಕ್ತಾರೆ. ಎಲ್ಲಾ ನಿಮ್ಮ ತಲೆಗೇ ಕಟ್ತಾರೆ. ಹೇಳೋಕೆ ಮುಂಚೆ ಒಂದು ಸಲ ಯೋಚನೆ ಮಾಡಿ."

ಅವಳು ಯೋಚನೆ ಮಾಡಿದಳು. ಮಾಡಲಿಲ್ಲ ಎಂದು ಆಮೇಲೆ ಯಾರೆದುರೂ ಸುಳ್ಳು ಹೇಳಿಲ್ಲ. ಕುರ್ಚಿಯ ಮೇಲೆ ಕೂತು, ಶನಿವಾರದವರೆಗೆ ಎಷ್ಟು ಗಂಟೆ ಎಂದು ಬೆರಳಲ್ಲಿ ಎಣಿಸಿದಳು. ಆ ಲೆಕ್ಕ ಮುಗಿಯುವುದರೊಳಗೆ ಗಡಿಯಾರದಲ್ಲಿ ಹತ್ತು ನಿಮಿಷ ಹೋಗಿತ್ತು. ಆ ಹತ್ತು ನಿಮಿಷವನ್ನೂ ತನ್ನ ತಪ್ಪಿನ ಜೊತೆಗೇ ಸೇರಿಸಿಕೊಂಡಳು. ಬಿಚ್ಚಿದ ನಾಲ್ಕು ಪಟ್ಟಿಯನ್ನು ಸೆರಗಿನಲ್ಲಿ ಹಿಡಿದು ಮೂರನೆಯ ಮಹಡಿಗೆ ಹತ್ತಿದಳು.

ಹಸುಗೂಸುಗಳ ವಾರ್ಡಿಗೆ ಗಾಜಿನ ಬಾಗಿಲು. ಒಳಗೆ ಹೋಗುವ ಹಕ್ಕು ಅವಳಿಗಿಲ್ಲ. ಬಾಗಿಲು ತಟ್ಟಿದಾಗ ದೊಡ್ಡ ಸಿಸ್ಟರ್ ಹೊರಗೆ ಬಂದರು.

"ಟೇಪಕ್ಕಾ, ಈಗ ರೌಂಡ್ಸ್ ಟೈಮು. ಮಧ್ಯಾಹ್ನದ ಮೇಲೆ ಬನ್ನಿ."

"ಪಟ್ಟಿಗಳ ಅಳತೆ ತಪ್ಪಿದೆ ಸಿಸ್ಟರ್. ನನ್ನಿಂದ."

"ಚೆನ್ನಾಗಿ ಅಂಟುತ್ತಲ್ಲ. ಯಾರೂ ದೂರು ಹೇಳಿಲ್ಲ."

"ಅಂಟೋದು ಅಂಟುತ್ತೆ. ಒಳಗೆ ನೋಡಿ." ಕಾರಿಡಾರಿನ ಬೆಂಚಿನ ಮೇಲೆ ನಾಲ್ಕು ಚೀಲಗಳನ್ನು ಸಾಲಾಗಿ ಇಟ್ಟಳು. ಕೊರಳ ಟೇಪು ತೆಗೆದು ಪಕ್ಕಕ್ಕೆ ಚಾಚಿದಳು. "ಇದು ನಿಮ್ಮ ಎರಡನೇ ನಂಬರು, ಕಂಪನಿಯದು. ಇವು ಮೂರೂ ನನ್ನ ಎರಡನೇ ನಂಬರು."

ದೊಡ್ಡ ಸಿಸ್ಟರ್ ಬಗ್ಗಿ ನೋಡಿದರು. ಮೊದಲು ಅವರ ಮುಖದಲ್ಲಿ ಬಂದದ್ದು ಸಿಟ್ಟು. "ಇದನ್ನ ಈಗ ಹೇಳ್ತಿದ್ದೀರಾ? ನಿಮಗೆ ಯಾರು ಹೇಳಿದ್ದು ತುದಿ ಕತ್ತರಿಸಿ ಅಂತ?"

"ಯಾರೂ ಹೇಳಿಲ್ಲ. ಅಗಲ ನೋಡು ಅಂತಲೂ ಯಾರೂ ಹೇಳಿಲ್ಲ. ಬೈಯೋದು ಆಮೇಲೆ ಬೈರಿ ಸಿಸ್ಟರ್, ಎಷ್ಟು ಬೇಕಾದ್ರೂ. ಮೊದಲು ಐದನೇ ತೊಟ್ಟಿಲಿನ ಮಗೂನ ನೋಡಿ. ಅವನ ತಲೆ ಬೆಳೀತಿಲ್ಲ. ನಿನ್ನೆಯಿಂದ ನಿದ್ದೆಯಲ್ಲಿ ಎಡಗೈ ಎಳೀತಿದ್ದಾನಂತೆ, ಒಂದೇ ಸಮ, ಇಪ್ಪತ್ತು ಸಲ."

ಕೈಯ ಮಾತು ಕೇಳಿದ ಕೂಡಲೇ ದೊಡ್ಡ ಸಿಸ್ಟರ್ ನೆಟ್ಟಗಾದರು. "ಯಾರು ಹೇಳಿದ್ದು?"

"ಅವನ ಅಮ್ಮ. ಆಟ ಅಂದ್ಕೊಂಡಿದ್ದಾಳೆ. ನಾನೂ ಅಂದ್ಕೊಂಡೆ."

ಆಂಬುಲೆನ್ಸಿಗೆ ಎಂದು ಎತ್ತಿಟ್ಟ ಚೀಲದಲ್ಲಿ ಸೀಲು ಒಡೆಯದ ಪಟ್ಟಿಗಳ ಒಂದು ಪೊಟ್ಟಣ ಇತ್ತು. ಅದನ್ನು ತರಿಸಿದರು. ಗಾಜಿನ ಆಚೆ ನಡೆದದ್ದೆಲ್ಲ ಟೇಪಕ್ಕನಿಗೆ ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ದೊಡ್ಡ ಸಿಸ್ಟರ್ ಕೂಸಿನ ಬಲತೋಳಿಗೆ ಹೊಸ ಪಟ್ಟಿ ಸುತ್ತಿದರು. ಸುತ್ತಿ, ಯಂತ್ರ ಒತ್ತದೆ, ಕೈ ಕಟ್ಟಿ ನಿಂತರು. ಪಟ್ಟಿ ಹಾಕಿದ ಕೂಡಲೇ ಅಳೆಯಬಾರದು. ಕೂಸು ಅದನ್ನು ಮರೆತು ನೆಮ್ಮದಿಯಾಗಿ ಮಲಗುವವರೆಗೆ ಕಾಲು ಗಂಟೆ ಕಾಯಬೇಕು. ಅದು ಅಲ್ಲಿನ ನಿಯಮ. ಅವರು ಕಾದರು. ಗಾಜಿನ ಈಚೆ ಟೇಪಕ್ಕನೂ ಕಾದಳು. ಪಕ್ಕದ ತೊಟ್ಟಿಲಲ್ಲಿ ಯಾವುದೋ ಕೂಸು ಆಕಳಿಸಿತು.

ಯಂತ್ರದ ಪರದೆಯ ಮೇಲೆ ಕೆಂಪು ಅಂಕಿ ಬಂತು. ನೂರ ಹನ್ನೊಂದು. ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎರಡು ನಿಮಿಷ ಬಿಟ್ಟು ನೂರ ಒಂಬತ್ತು. ಮತ್ತೆ ಎರಡು ನಿಮಿಷ ಬಿಟ್ಟು ನೂರ ಎಂಟು. ಅದಾದ ಮೇಲೆ ಮತ್ತೆ ನೂರ ಒಂಬತ್ತು. ಕೂಸು ಗಾಢ ನಿದ್ದೆಯಲ್ಲಿತ್ತು. ದೊಡ್ಡ ಸಿಸ್ಟರ್ ಗಾಜಿನ ಕಡೆ ಒಮ್ಮೆ ತಿರುಗಿ ನೋಡಿದರು. ಬಳಿಕ ಫೋನಿನತ್ತ ಹೋದರು.

ಅಲ್ಲಿಂದ ಮುಂದೆ ಎಲ್ಲವೂ ವೇಗವಾಗಿ ಮತ್ತು ಸದ್ದಿಲ್ಲದೆ ನಡೆಯಿತು. ಹಿರಿಯ ಡಾಕ್ಟರ್ ಬಂದರು. ನಾಲ್ಕೂ ಕೈಕಾಲಿನಲ್ಲಿ ಅಳೆಸಿದರು. ಹೊಟ್ಟೆಯ ಸ್ಕ್ಯಾನ್ ಯಂತ್ರ ಉರುಳಿಸಿಕೊಂಡು ಬಂದರು. ಮಧ್ಯಾಹ್ನ ಎರಡು ಗಂಟೆಗೆ ಗೊತ್ತಾದದ್ದು ಇಷ್ಟು: ಹೊಕ್ಕುಳಿನ ನಳಿಕೆ ಇದ್ದ ದಿನಗಳಲ್ಲಿ ಎಲ್ಲೋ ಒಂದು ಚೂರು ರಕ್ತ ಹೆಪ್ಪುಗಟ್ಟಿ, ಎಡ ಮೂತ್ರಪಿಂಡದ ರಕ್ತನಾಳದಲ್ಲಿ ಕೂತಿದೆ. ರಕ್ತ ಸಾಲದ ಮೂತ್ರಪಿಂಡ ಇನ್ನೂ ಬೇಕು, ಇನ್ನೂ ಬೇಕು ಎಂದು ಇಡೀ ಮೈಯ ಒತ್ತಡವನ್ನು ಏರಿಸುತ್ತ ಬಂದಿದೆ. ಎಡಗೈಯ ಆಟ ಆಟವಲ್ಲ, ಮಿದುಳಿಗೆ ಆ ಒತ್ತಡ ತಟ್ಟಿ ಬಂದ ಫಿಟ್ಸ್.

ಟೇಪಕ್ಕ ಕಾರಿಡಾರಿನ ಬೆಂಚು ಬಿಟ್ಟು ಏಳಲಿಲ್ಲ. ಹಿರಿಯ ಡಾಕ್ಟರ್ ಹೊರಬಂದಾಗ ಎದ್ದು ನಿಂತಳು.

"ಪಟ್ಟಿ ಬಿಚ್ಚಿದವರು ನೀವಾ?"

"ಹೊಲಿದವಳೂ ನಾನೇ ಸಾರ್."

ಅವರು ಹೊಗಳಲೂ ಇಲ್ಲ, ಬೈಯಲೂ ಇಲ್ಲ. "ಔಷಧಿ ಶುರು ಮಾಡಿದ್ದೀವಿ. ಒಂದೇ ಸಲಕ್ಕೆ ಇಳಿಸೋ ಹಾಗಿಲ್ಲ. ಸರಕ್ಕನೆ ಇಳಿದರೆ ಏರಿದ್ದಕ್ಕಿಂತ ಅಪಾಯ. ನಿಧಾನಕ್ಕೆ ಇಳೀಬೇಕು."

"ಉಳೀತಾನಾ ಸಾರ್?"

"ಉಳಿಯಬಹುದು. ತಲೆಯ ಒಳಗೆ ಎಷ್ಟು ತಟ್ಟಿದೆ ಅನ್ನೋದು ನಾಳೆ, ನಾಡಿದ್ದು... ಬಹುಶಃ ಇನ್ನೂ ಒಂದು ವರ್ಷ ಕಳೆದ ಮೇಲೆ ಗೊತ್ತಾಗುತ್ತೆ." ಹೋಗುತ್ತ ತಿರುಗಿದರು. "ಈ ನಾಲ್ಕು ತಿಂಗಳಲ್ಲಿ ಮನೆಗೆ ಹೋದ ಮಕ್ಕಳಿದ್ದಾರೆ. ಎಲ್ಲರನ್ನೂ ಕರೆಸಿ ನೋಡಬೇಕು. ನಿಮ್ಮಲ್ಲಿ ಯಾವ ಪಟ್ಟಿ ಯಾವ ದಿನ ಮೇಲೆ ಬಂತು ಅನ್ನೋ ಲೆಕ್ಕ ಇದೆಯಾ?"

"ಇದೆ ಸಾರ್." ಅವಳ ಪುಸ್ತಕದಲ್ಲಿ ಪ್ರತಿ ಟಾಕಿನ ದಿನಾಂಕವೂ ಇತ್ತು.

ದೊಡ್ಡ ಸಿಸ್ಟರ್ ಗಾಜಿನ ಬಾಗಿಲು ಅರ್ಧ ತೆರೆದು, "ಅಮ್ಮನಿಗೆ ಡಾಕ್ಟರ್ ಸಂಜೆ ಹೇಳ್ತಾರೆ. ನೀವು ಕೆಳಗೆ ಹೋಗಿ ಟೇಪಕ್ಕಾ. ಅವಳೆದುರು ಬಾಯಿ ಬಿಡಬೇಡಿ," ಎಂದರು. ದನಿಯಲ್ಲಿ ಬೆಳಗಿನ ಸಿಟ್ಟು ಇರಲಿಲ್ಲ; ಬೇಡಿಕೆ ಇತ್ತು. ತುದಿ ಕತ್ತರಿಸಿದ್ದು ಒಬ್ಬಳು, ನಂಬರಿಲ್ಲದ ಪಟ್ಟಿ ಕೊಟ್ಟದ್ದು ಇನ್ನೊಬ್ಬಳು. ಅದು ಇಬ್ಬರಿಗೂ ಗೊತ್ತಿತ್ತು.

ಟೇಪಕ್ಕ ಕೆಳಗೆ ಹೋಗಲಿಲ್ಲ.

ನಾಲ್ಕು ಗಂಟೆಗೆ ತಾಯಿ ಹಾಲು ಹಿಂಡುವ ಕೋಣೆಯಿಂದ ಬಂದಳು. ಮಗನಿಗೆ ಹೊಸ ಔಷಧಿ ಹಾಕಿದ್ದಾರೆ, ಸದ್ಯಕ್ಕೆ ಹಾಲು ಬೇಡ ಎಂದಷ್ಟೇ ಅವಳಿಗೆ ಹೇಳಿದ್ದರು. ಅವಳು ಹಾಲಿನ ಬಟ್ಟಲು ಹಿಡಿದೇ ಬೆಂಚಿನ ಮೇಲೆ ಕೂತಳು. "ಅಕ್ಕಾ, ನೀವು ಇಲ್ಲಿ? ಟೋಪಿ ತಂದ್ರಾ?"

"ಇಲ್ಲಮ್ಮಾ. ಒಂದು ವಿಷಯ ಹೇಳ್ಬೇಕು. ಪೂರ್ತಿ ಕೇಳಿಸ್ಕೋ."

ಅವಳು ಹೇಳಿದಳು. ಎಲ್ಲಿಂದ ಶುರುವಾಯಿತೋ ಅಲ್ಲಿಂದ. ಯಾರ ಹೆಸರನ್ನೂ ಎಳೆಯಲಿಲ್ಲ, ತನ್ನದನ್ನು ಬಿಡಲೂ ಇಲ್ಲ. ಕತ್ತರಿ, ತುದಿ, ಸುತ್ತಳತೆ, ಒಳಗಿನ ಚೀಲ, ಮೂರು ನೂಲು. ಹೇಳುವಾಗ ಬೆರಳುಗಳು ಮಡಿಲಲ್ಲಿ ಗಾಳಿಯನ್ನೇ ಅಳೆಯುತ್ತಿದ್ದವು.

ತಾಯಿ ಬಟ್ಟಲನ್ನು ಮಡಿಲಿಗೆ ಇಳಿಸಿದಳು. "ಎಷ್ಟು ದಿನ?"

"ಅವನು ಹಾಲು ಬಿಟ್ಟಾಗಿನಿಂದ ಲೆಕ್ಕ ಹಿಡಿದ್ರೆ ಹನ್ನೊಂದು ದಿನ."

"ಹನ್ನೊಂದು ದಿನ ನಾನು ದಿನಾ ಕೇಳ್ತಿದ್ದೆ. ಬಿಪಿ ಸರಿ ಇದೆಯಾ ಅಂತ. ಸರಿ ಇದೆ ಅಂತಿದ್ರು. ಗಂಡನಿಗೆ ಫೋನಲ್ಲಿ ಹೇಳ್ತಿದ್ದೆ, ಏನಿಲ್ಲದಿದ್ರೂ ಬಿಪಿ ಸರಿ ಇದೆಯಂತೆ ಅಂತ." ಅವಳ ದನಿ ಏರಲಿಲ್ಲ. "ನಿನ್ನೆ ಕೈ ಎಳೀತಾನೆ ಅಂದಾಗ ನಕ್ಕಿದ್ರಿ."

"ನಕ್ಕೆ."

"ನಾನೂ ನಕ್ಕೆ." ಬಟ್ಟಲಿನ ಮುಚ್ಚಳ ಒತ್ತಿ ಮುಚ್ಚಿದಳು. "ಇದನ್ನ ಯಾಕೆ ನನಗೆ ಹೇಳಿದ್ರಿ ಅಕ್ಕಾ? ಡಾಕ್ಟರು ಹೇಳ್ತಿದ್ರಲ್ಲ, ಏನೋ ಒಂದು ಹೇಳ್ತಿದ್ರು, ನಾನು ನಂಬ್ತಿದ್ದೆ. ಈಗ ನಾಳೆಯಿಂದ ಆ ಮಷಿನ್ನಿನಲ್ಲಿ ನಂಬರ್ ಬಂದ್ರೆ ನಾನು ಯಾರನ್ನ ನಂಬಿ ನೋಡ್ಲಿ?"

ಕ್ಷಮಿಸು ಎಂಬ ಮಾತು ಟೇಪಕ್ಕನ ನಾಲಿಗೆಯವರೆಗೆ ಬಂದಿತ್ತು. ಅದನ್ನು ಕೇಳುವುದೂ ಆ ಹುಡುಗಿಯ ಮೇಲೆ ಇನ್ನೊಂದು ಭಾರ ಹೇರಿದಂತೆ ಎನಿಸಿ ನುಂಗಿಕೊಂಡಳು. ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತೇ ಇದ್ದರು. ಗಾಜಿನ ಆಚೆ ಕಾಲು ಗಂಟೆಗೊಮ್ಮೆ ಯಂತ್ರ ತಾನಾಗಿ ಗಾಳಿ ತುಂಬಿಕೊಳ್ಳುತ್ತಿತ್ತು. ಸಣ್ಣ ತೋಳು ಕೊಂಚ ಮೇಲೆದ್ದು ಮತ್ತೆ ಇಳಿಯುತ್ತಿತ್ತು.

ಆರು ಗಂಟೆಯ ಸುಮಾರಿಗೆ ಪಾಳಿಯ ನರ್ಸ್ ಹುಡುಗಿ ಬಾಗಿಲಿಂದ ತಲೆ ಹಾಕಿದಳು. "ಅಮ್ಮಾ, ನೂರ ಮೂರಕ್ಕೆ ಬಂದಿದೆ. ಡಾಕ್ಟರ್ ಹೇಳಿದ ಹಾಗೇ ಇಳೀತಿದೆ. ಕೈ ಎಳೆಯೋದೂ ನಿಂತಿದೆ."

ತಾಯಿ ನರ್ಸಿನ ಕಡೆ ನೋಡಲಿಲ್ಲ. ಎರಡು ಗಂಟೆ ಹೊತ್ತಿನಲ್ಲಿ ಮೊದಲ ಸಲ ಟೇಪಕ್ಕನ ಮುಖಕ್ಕೆ ಕಣ್ಣು ಕೊಟ್ಟಳು.

"ಯಾವ ಪಟ್ಟಿ?"

"ಹೊಸದು," ಎಂದಳು ಟೇಪಕ್ಕ. "ನಾನು ಮುಟ್ಟಿಲ್ಲದ್ದು."

ತಾಯಿ ಬಟ್ಟಲನ್ನು ಬೆಂಚಿನ ಮೇಲಿಟ್ಟು, ಕಣ್ಣಾರೆ ನೋಡಲು ಒಳಗೆ ಹೋದಳು.